ಉಪ್ಪಿನ ಹರಳಿನ ಹಳೆಯ ವ್ಯಾಜ್ಯ

1884ರ ಮೇ ತಿಂಗಳಲ್ಲಿ ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತೈದು ವರ್ಷದ ಸ್ವಾಂಟೆ ಅರೇನಿಯಸ್ ತನ್ನ ಡಾಕ್ಟರೇಟ್ ಪ್ರಬಂಧ ಹಿಡಿದು ಪರೀಕ್ಷಕರ ಮುಂದೆ ನಿಂತ. ಉಪ್ಪು, ಆಮ್ಲ, ಕ್ಷಾರಗಳು ಕರಗಿದ ನೀರಿನಲ್ಲಿ ವಿದ್ಯುತ್ ಹೇಗೆ ಹರಿಯುತ್ತದೆ ಎಂಬುದು ವಿಷಯ. ಪರೀಕ್ಷಕರು ಪ್ರಬಂಧಕ್ಕೆ ನಾಲ್ಕನೇ ದರ್ಜೆ ಕೊಟ್ಟರು, ಅದನ್ನು ಸಮರ್ಥಿಸಿಕೊಂಡ ರೀತಿಗೆ ಮೂರನೇ ದರ್ಜೆ. ಫೇಲು ಮಾಡಲಿಲ್ಲ ಎಂಬುದಷ್ಟೇ ಸಮಾಧಾನ. ಅಂಥ ದರ್ಜೆ ಹೊತ್ತವನಿಗೆ ಅಲ್ಲಿ ಪಾಠ ಹೇಳುವ ಬಾಗಿಲು ಮುಚ್ಚಿದಂತೆಯೇ. ಹತ್ತೊಂಬತ್ತು ವರ್ಷ ಕಳೆದ ಮೇಲೆ, 1903ರಲ್ಲಿ, ಅದೇ ಕೆಲಸಕ್ಕೆ ಅವನಿಗೆ ನೊಬೆಲ್ ಬಂತು. ಆ ವರ್ಷ ರಸಾಯನಶಾಸ್ತ್ರದ ನೊಬೆಲ್ ಸಮಿತಿಯ ಅಧ್ಯಕ್ಷನಾಗಿದ್ದವನು ಪೆರ್ ಟಿಯೋಡರ್ ಕ್ಲೇವೆ. ಹುಡುಗನ ಮಾತನ್ನು ಕಿವಿಗೆ ಹಾಕಿಕೊಳ್ಳದಿದ್ದ ಉಪ್ಸಾಲದ ರಸಾಯನಶಾಸ್ತ್ರದ ಪ್ರೊಫೆಸರ್ ಅವನೇ.

ನಮ್ಮ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಇದೆಲ್ಲ ಅರ್ಧ ಪುಟಕ್ಕೆ ಮುಗಿಯುತ್ತದೆ. ಸೋಡಿಯಂನ ಎಲೆಕ್ಟ್ರಾನ್ ವಿನ್ಯಾಸ 2, 8, 1. ಕ್ಲೋರಿನ್ನಿನದು 2, 8, 7. ಒಂದು ಕೊಡುತ್ತದೆ, ಇನ್ನೊಂದು ತೆಗೆದುಕೊಳ್ಳುತ್ತದೆ, ಎರಡೂ ಅಯಾನುಗಳಾಗುತ್ತವೆ, ಅಯಾನಿಕ ಬಂಧ ಏರ್ಪಡುತ್ತದೆ. ಪುಸ್ತಕದಲ್ಲಿ ಮೊದಲು ಪರಮಾಣು, ಆಮೇಲೆ ಎಲೆಕ್ಟ್ರಾನ್, ಕೊನೆಗೆ ಅಯಾನು. ಚರಿತ್ರೆಯಲ್ಲಿ ನಡೆದದ್ದು ತಿರುಗಾಮುರುಗಾ. ಅಯಾನು ಮೊದಲು ಬಂತು. ಎಲೆಕ್ಟ್ರಾನ್ ಅರವತ್ತಕ್ಕೂ ಹೆಚ್ಚು ವರ್ಷ ತಡವಾಗಿ ಬಂತು. ಅಯಾನುಗಳಿಗಾಗಿ ಜಗಳವಾಡಿದ ಪ್ರಮುಖನೊಬ್ಬನಿಗೆ ಪರಮಾಣುವಿನಲ್ಲೇ ಪೂರ್ತಿ ನಂಬಿಕೆ ಇರಲಿಲ್ಲ.

ಅಯಾನು ಎಂಬ ಹೆಸರು ಹುಟ್ಟಿದ್ದು ಲಂಡನ್ನಿನಲ್ಲಿ. 1807ರ ಅಕ್ಟೋಬರಿನಲ್ಲಿ ಅಲ್ಲಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿ ಪೊಟ್ಯಾಶ್‌ಗೆ ಬ್ಯಾಟರಿಯ ತಂತಿ ತಗುಲಿಸಿ ಪೊಟ್ಯಾಸಿಯಂ ತೆಗೆದ, ಕೆಲವೇ ದಿನಗಳಲ್ಲಿ ಸೋಡಿಯಂ ಕೂಡ. ಪಾದರಸದಂತೆ ಹೊಳೆಯುವ ಪುಟ್ಟ ಗುಂಡುಗಳು ಹೊರಬಂದು ಗಾಳಿಗೆ ಬೆಂಕಿ ಹತ್ತಿಕೊಂಡಾಗ ಡೇವಿ ಕೋಣೆಯ ತುಂಬ ಕುಣಿದಾಡಿದನಂತೆ. ಪಕ್ಕದಲ್ಲಿದ್ದ ಅವನ ಸೋದರಸಂಬಂಧಿ ಎಡ್ಮಂಡ್ ಹೇಳಿದ ಮಾತು ಇದು. ಡೇವಿಯ ಕೈಕೆಳಗೆ 1813ರಲ್ಲಿ ಸೇರಿದವನು ಮೈಕೆಲ್ ಫ್ಯಾರಡೆ, ಕಮ್ಮಾರನ ಮಗ, ಪುಸ್ತಕ ಬೈಂಡಿಂಗ್ ಕಲಿತು ಬಂದವನು. ಇಷ್ಟು ವಿದ್ಯುತ್ ಹರಿಸಿದರೆ ಇಷ್ಟೇ ಲೋಹ ಬಿಡುಗಡೆಯಾಗುತ್ತದೆ, ಹೆಚ್ಚಿಲ್ಲ ಕಡಿಮೆಯಿಲ್ಲ ಎಂಬ ವಿದ್ಯುದ್ವಿಭಜನೆಯ ಲೆಕ್ಕ ಅವನದು. 23 ಗ್ರಾಂ ಸೋಡಿಯಂ ಬೇಕಾದರೆ ಸುಮಾರು 96,500 ಕೂಲಂಬ್ ವಿದ್ಯುತ್ ಸುರಿಯಬೇಕು. ದ್ರಾವಣದಲ್ಲಿ ಓಡಾಡುವ ಆ ತುಣುಕುಗಳಿಗೆ ಹೆಸರು ಬೇಕಾಗಿ 1834ರಲ್ಲಿ ಕೇಂಬ್ರಿಜ್‌ನ ವಿಲಿಯಂ ಹ್ಯೂವೆಲ್‌ಗೆ ಕಾಗದ ಬರೆದ. ಆನೋಡ್, ಕ್ಯಾಥೋಡ್, ಅಯಾನು ಎಲ್ಲವೂ ಆ ಕಾಗದಗಳ ಕೊಡುಗೆ.

ಆದರೆ ಫ್ಯಾರಡೆಯ ಅಯಾನು ವಿದ್ಯುತ್ ಹರಿದಾಗ ಮಾತ್ರ ಹುಟ್ಟುವಂಥದು. ಬ್ಯಾಟರಿ ಜೋಡಿಸಿದರೆ ಅಣು ಒಡೆಯುತ್ತದೆ, ತುಣುಕುಗಳು ಎರಡು ದಿಕ್ಕಿಗೆ ಹೋಗುತ್ತವೆ, ಬ್ಯಾಟರಿ ತೆಗೆದರೆ ಕಥೆ ಮುಗಿಯಿತು. ಐವತ್ತು ವರ್ಷ ಎಲ್ಲರೂ ಹೆಚ್ಚುಕಡಿಮೆ ಇದನ್ನೇ ನಂಬಿದ್ದರು.

ಅರೇನಿಯಸ್ 1882ರಿಂದ ಸ್ಟಾಕ್‌ಹೋಮಿನಲ್ಲಿ ತೀರಾ ತೆಳುವಾದ ದ್ರಾವಣಗಳ ವಾಹಕತೆ ಅಳೆಯುತ್ತ ಕೂತಿದ್ದ. ನೀರು ಬೆರೆಸಿ ತೆಳುಮಾಡಿದಷ್ಟೂ ಅದೇ ಉಪ್ಪಿನ ವಿದ್ಯುತ್ ಸಾಗಿಸುವ ಸಾಮರ್ಥ್ಯ ಏರುತ್ತ ಹೋಗುತ್ತಿತ್ತು. 1883ರ ಮೇ 17ರ ರಾತ್ರಿ ಇದಕ್ಕೆ ಕಾರಣ ಹೊಳೆಯಿತು, ಲೆಕ್ಕ ಪೂರ್ತಿಯಾಗುವ ತನಕ ನಿದ್ದೆ ಹತ್ತಲಿಲ್ಲ ಎಂದು ಮುಂದೆ ಹೇಳಿಕೊಂಡಿದ್ದಾನೆ. ಕರಗಿದ ವಸ್ತುವಿನ ಒಂದು ಭಾಗ ವಿದ್ಯುತ್ ಹರಿಯುವ ಮೊದಲೇ, ಸುಮ್ಮನೆ ನೀರಿನಲ್ಲಿ ಕರಗಿದ ಮಾತ್ರಕ್ಕೇ, ವಿದ್ಯುತ್ ಸಾಗಿಸಲು ಸಿದ್ಧವಾಗಿರುತ್ತದೆ. ಪ್ರಬಂಧದಲ್ಲಿ ಅವನು ಇದನ್ನು ಅಳುಕುತ್ತಲೇ ‘ಸಕ್ರಿಯ’ ಭಾಗ ಎಂದು ಕರೆದ. ಅದು ಬಿಡಿಬಿಡಿ ಅಯಾನುಗಳೇ ಎಂದು ಬಾಯಿಬಿಟ್ಟು ಹೇಳಿದ್ದು 1887ರಲ್ಲಿ. ಹೊಸ ಸಿದ್ಧಾಂತವೊಂದು ಸಿಕ್ಕಿದೆ ಎಂದು ಕ್ಲೇವೆಯ ಬಳಿ ಹೋದಾಗ ಆತ ಬಹಳ ಸ್ವಾರಸ್ಯವಾಗಿದೆ ಎಂದು ಹೇಳಿ ನಮಸ್ಕಾರ ಹಾಕಿ ಕಳಿಸಿಬಿಟ್ಟನಂತೆ.

ಕ್ಲೇವೆ ದಡ್ಡನಲ್ಲ. 1879ರಲ್ಲಿ ಹೋಲ್ಮಿಯಂ, ಥುಲಿಯಂ ಎಂಬ ಎರಡು ಧಾತುಗಳನ್ನು ಕಂಡುಹಿಡಿದವನು. ಅವನ ಆಕ್ಷೇಪ ಇಂದಿನ ಜಾಣ ವಿದ್ಯಾರ್ಥಿಯೂ ಎತ್ತಬಹುದಾದದ್ದು. ಸೋಡಿಯಂ ನೀರಿಗೆ ಬಿದ್ದರೆ ಹೊತ್ತಿಕೊಂಡು ಸಿಡಿಯುತ್ತದೆ. ಕ್ಲೋರಿನ್ ಹಸಿರು ಬಣ್ಣದ ವಿಷಗಾಳಿ. ಉಪ್ಪುನೀರಿನಲ್ಲಿ ಇವೆರಡೂ ಬಿಡಿಬಿಡಿಯಾಗಿವೆ ಅನ್ನುವುದಾದರೆ ಸಾರು ಉಣ್ಣುವವರ ಗತಿಯೇನು? ಅಯಾನಿಗೆ ವಿದ್ಯುದಾವೇಶ ಇದೆ, ಪರಮಾಣುವಿಗೆ ಇಲ್ಲ, ಆದ್ದರಿಂದ ಎರಡರ ಗುಣ ಬೇರೆ ಎಂಬುದು ಅರೇನಿಯಸ್‌ನ ಉತ್ತರ. ಆ ಆವೇಶ ಅಂದರೆ ಏನು, ಅದು ಎಲ್ಲಿಂದ ಬಂತು? 1884ರಲ್ಲಿ ಅದಕ್ಕೆ ಉತ್ತರ ಯಾರ ಹತ್ತಿರವೂ ಇರಲಿಲ್ಲ. ಕ್ಲೇವೆಗೆ ಕೋಪ ಬಂದಿದ್ದರೆ ನನಗೇನೂ ಆಶ್ಚರ್ಯವಿಲ್ಲ.

ಅರೇನಿಯಸ್ ಪ್ರಬಂಧದ ಪ್ರತಿಗಳನ್ನು ಹೊರದೇಶದ ವಿದ್ವಾಂಸರಿಗೆ ಕಳಿಸಿದ. ಅವುಗಳಲ್ಲೊಂದು ರಿಗಾದಲ್ಲಿದ್ದ ವಿಲ್ಹೆಲ್ಮ್ ಓಸ್ಟ್‌ವಾಲ್ಡ್‌ನ ಕೈಸೇರಿತು. ಅವನಿಗೆ ಅದೇ ದಿನ ಹಲ್ಲುನೋವು, ಮನೆಯಲ್ಲಿ ಹೆಣ್ಣುಮಗುವಿನ ಜನನ. ಮೂರರಲ್ಲಿ ಹೆಚ್ಚು ತಲೆ ಕೆಡಿಸಿದ್ದು ಪ್ರಬಂಧವೇ ಎಂದು ಬರೆದುಕೊಂಡಿದ್ದಾನೆ. ಆಗಸ್ಟಿನಲ್ಲಿ ತಾನೇ ಉಪ್ಸಾಲಕ್ಕೆ ಬಂದ. ಅಲ್ಲಿ ಕ್ಲೇವೆ ಅವನನ್ನು ಕೇಳಿದ್ದು ಒಂದೇ ಪ್ರಶ್ನೆ: ಈ ಗಾಜಿನ ಲೋಟದಲ್ಲಿ ಸೋಡಿಯಂ ಹಾಗೇ ಈಜಾಡುತ್ತಿದೆ ಎಂದು ನೀವೂ ನಂಬುತ್ತೀರಾ? ಓಸ್ಟ್‌ವಾಲ್ಡ್ ಹೌದೆಂದು ತಲೆಯಾಡಿಸಿದ. ಕ್ಲೇವೆ ಇವನ ಬುದ್ಧಿಯ ಬಗ್ಗೆಯೇ ಅನುಮಾನ ಬಂದವನಂತೆ ನೋಡಿದನಂತೆ. ಏನೇ ಆಗಲಿ, ಹೊರಗಿನ ದೊಡ್ಡ ಮನುಷ್ಯನೇ ಹುಡುಕಿಕೊಂಡು ಬಂದದ್ದರಿಂದ ಅರೇನಿಯಸ್‌ಗೆ ಉಪ್ಸಾಲದಲ್ಲಿ ಪಾಠ ಹೇಳುವ ಹುದ್ದೆ ಸಿಕ್ಕಿತು. ಎಲ್ಲ ಊರಲ್ಲೂ ನಡೆಯುವುದು ಹೀಗೆಯೇ. ತಮಾಷೆಯೆಂದರೆ, ಅಯಾನುಗಳ ಪರ ಕೋಲು ಹಿಡಿದು ನಿಂತ ಈ ಓಸ್ಟ್‌ವಾಲ್ಡ್ ಪರಮಾಣುಗಳು ನಿಜವೆಂದು ಒಪ್ಪಿದ್ದು 1908ರ ಸುಮಾರಿಗೆ.

ಗಟ್ಟಿ ಸಾಕ್ಷ್ಯ ಬಂದದ್ದು ಡಚ್ ವಿಜ್ಞಾನಿ ವಾಂಟ್ ಹಾಫ್‌ನ ಕಡೆಯಿಂದ. ಒಂದು ಕಿಲೋ ನೀರಿಗೆ ಒಂದು ಮೋಲ್, ಅಂದರೆ 342 ಗ್ರಾಂ ಸಕ್ಕರೆ ಹಾಕಿದರೆ ಅದು ಹೆಪ್ಪುಗಟ್ಟುವ ಉಷ್ಣತೆ 1.86 ಡಿಗ್ರಿ ಇಳಿಯುತ್ತದೆ. ಈ ಇಳಿತ ಕರಗಿದ ಕಣಗಳ ಎಣಿಕೆಗೆ ತಕ್ಕಂತೆ ಇರುತ್ತದೆಯೇ ಹೊರತು ಅವು ಯಾವ ಜಾತಿಯವು ಎಂಬುದನ್ನು ನೋಡುವುದಿಲ್ಲ. ಅಷ್ಟೇ ಮೋಲ್ ಉಪ್ಪು, ಅಂದರೆ 58.5 ಗ್ರಾಂ, ಹಾಕಿ ನೋಡಿ. ಇಳಿತ ಹತ್ತಿರಹತ್ತಿರ ಎರಡು ಪಟ್ಟು. ತೆಳು ದ್ರಾವಣದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಮೂರು ಪಟ್ಟಿನ ಹತ್ತಿರ ಬರುತ್ತದೆ. ಅಂಕಿಗಳು ಅದಾಗಲೇ ಪುಸ್ತಕಗಳಲ್ಲಿದ್ದವು, ಅರ್ಥ ಮಾತ್ರ ಇರಲಿಲ್ಲ. ಒಂದು ಉಪ್ಪು ಎರಡಾಗಿ ಒಡೆಯುತ್ತದೆ, ಕ್ಯಾಲ್ಸಿಯಂ ಕ್ಲೋರೈಡ್ ಮೂರಾಗಿ. ಅರೇನಿಯಸ್, ಓಸ್ಟ್‌ವಾಲ್ಡ್, ವಾಂಟ್ ಹಾಫ್ ಮೂವರಿಗೂ ಅವರ ಬೆಂಬಲಿಗರಿಗೂ ವಿರೋಧಿಗಳು ‘ಅಯಾನಿಗಳು’ ಎಂದು ಲೇವಡಿಯ ಹೆಸರಿಟ್ಟರು. ವಿರೋಧಿಗಳಲ್ಲಿ ಮುಂದಾಳು ಲಂಡನ್ನಿನ ಹೆನ್ರಿ ಆರ್ಮ್‌ಸ್ಟ್ರಾಂಗ್. ಮಕ್ಕಳು ಪಾಠವನ್ನು ಉರುಹೊಡೆಯಬಾರದು, ತಾವೇ ಮಾಡಿ ಕಂಡುಕೊಳ್ಳಬೇಕು ಎಂದು ಇಂಗ್ಲೆಂಡಿನ ಶಾಲೆಗಳಲ್ಲಿ ಚಳವಳಿ ಹೂಡಿದ ಒಳ್ಳೆಯ ಮೇಷ್ಟರು ಅವನು. ಅಯಾನಿನ ವಿಷಯದಲ್ಲಿ ಮಾತ್ರ ಜಗ್ಗಲಿಲ್ಲ.

1897ರ ಏಪ್ರಿಲ್ 30ರಂದು, ಡೇವಿ ಕುಣಿದಾಡಿದ ಅದೇ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜೆ.ಜೆ. ಥಾಮ್ಸನ್ ಪರಮಾಣುವಿಗಿಂತ ಬಹಳ ಹಗುರವಾದ ಋಣ ಆವೇಶದ ಕಣವೊಂದರ ಸುದ್ದಿ ಹೇಳಿದ. ಎಲೆಕ್ಟ್ರಾನ್ ಸಿಕ್ಕಿತು. ಅಯಾನು ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಅಥವಾ ಪಡೆದ ಪರಮಾಣು ಎಂದು ಈಗ ಹೇಳಬಹುದಾಗಿತ್ತು. ಆದರೆ ಸೋಡಿಯಂ ಒಂದನ್ನೇ ಏಕೆ ಕಳೆದುಕೊಳ್ಳಬೇಕು, ಎರಡನ್ನು ಏಕಲ್ಲ?

ಇದರ ಸುಳಿವು ಯಾರ ಜೊತೆಗೂ ಸೇರದ ಅನಿಲಗಳಲ್ಲಿತ್ತು. ಆರ್ಗಾನ್ 1894ರಲ್ಲೇ ಸಿಕ್ಕಿತ್ತು. 1898ರ ಬೇಸಿಗೆಯಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ರಾಮ್ಸೆ ಮತ್ತು ಅವನ ಇಪ್ಪತ್ತಾರು ವರ್ಷದ ಸಹಾಯಕ ಮಾರಿಸ್ ಟ್ರಾವರ್ಸ್ ದ್ರವಗಾಳಿಯನ್ನು ಮೆಲ್ಲಗೆ ಆವಿಯಾಗಿಸುತ್ತ ಕೆಲವೇ ವಾರಗಳಲ್ಲಿ ಕ್ರಿಪ್ಟಾನ್, ನಿಯಾನ್, ಜೆನಾನ್ ಮೂರನ್ನೂ ಹಿಡಿದರು. ನಿಯಾನ್ ತುಂಬಿದ ಕೊಳವೆಗೆ ವಿದ್ಯುತ್ ಹಾಯಿಸಿದಾಗ ಹೊಮ್ಮಿದ ಕಡುಗೆಂಪು ಬೆಳಕನ್ನು ಟ್ರಾವರ್ಸ್ ಕೊನೆಯವರೆಗೂ ಮರೆಯಲಿಲ್ಲ. ಈ ಟ್ರಾವರ್ಸ್ 1906ರಲ್ಲಿ ನಮ್ಮ ಕಡೆಗೇ ಬಂದ, ಬೆಂಗಳೂರಿನವರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕನಾಗಿ. ಮೈಸೂರು ದರ್ಬಾರು ಕೊಟ್ಟ 371 ಎಕರೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1911ರ ಫೆಬ್ರವರಿ 1ರಂದು ಅಡಿಗಲ್ಲಿಟ್ಟಾಗ ನಿರ್ದೇಶಕನ ಕುರ್ಚಿಯಲ್ಲಿದ್ದವನು ಅವನೇ. 1914ರಲ್ಲಿ ಬಿಟ್ಟು ಹೋದ. ಎಲೆಕ್ಟ್ರಾನ್ ವಿನ್ಯಾಸದ ಪಾಠದಲ್ಲಿ ‘ನಿಯಾನ್‌ನಂತೆ ಎಂಟು’ ಎಂದು ಓದುವ ಕರ್ನಾಟಕದ ಮಕ್ಕಳಿಗೆ ಆ ನಿಯಾನನ್ನು ಕಂಡುಹಿಡಿದವನು ಮಲ್ಲೇಶ್ವರದ ಪಕ್ಕದಲ್ಲೇ ಕೆಲಸ ಮಾಡಿದ್ದ ಎಂದು ಯಾವ ಪುಸ್ತಕವಾದರೂ ಹೇಳಿದ್ದನ್ನು ನಾನು ಕಂಡಿಲ್ಲ.

ಎಂಟರ ಲೆಕ್ಕಕ್ಕೆ ಕೈಹಾಕಿದವರಲ್ಲಿ ಬ್ರೆಸ್ಲೌನ ರಿಚರ್ಡ್ ಅಬೆಗ್ ಒಬ್ಬ. ಒಂದು ಧಾತುವಿನ ಅತಿ ಹೆಚ್ಚಿನ ಧನ ವೇಲೆನ್ಸಿಗೂ ಋಣ ವೇಲೆನ್ಸಿಗೂ ಮೊತ್ತ ಎಂಟಾಗುತ್ತದೆ ಎಂದು 1904ರಲ್ಲಿ ತೋರಿಸಿದ. ಬಲೂನು ಹಾರಾಟದ ಹುಚ್ಚು ಅವನಿಗೆ. 1910ರಲ್ಲಿ ಬಲೂನು ಅಪಘಾತದಲ್ಲೇ ಸತ್ತ.

ಅಬೆಗ್‌ನ ಲೆಕ್ಕಕ್ಕೂ ಎರಡು ವರ್ಷ ಮೊದಲು, 1902ರ ಮಾರ್ಚ್ 28ರಂದು, ಹಾರ್ವರ್ಡ್‌ನಲ್ಲಿ ಹೊಸ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದ ಗಿಲ್ಬರ್ಟ್ ಲೂಯಿಸ್ ಒಂದು ಹಾಳೆಯ ಮೇಲೆ ಘನಾಕೃತಿಗಳ ಸಾಲು ಗೀಚಿದ್ದ. ಪ್ರತಿ ಪರಮಾಣುವೂ ಒಂದು ಪಗಡೆದಾಳ, ಎಲೆಕ್ಟ್ರಾನ್‌ಗಳು ಅದರ ಮೂಲೆಗಳಲ್ಲಿ. ಸೋಡಿಯಂಗೆ ಒಂದು ಮೂಲೆ ತುಂಬಿದೆ, ಮೆಗ್ನೀಸಿಯಂಗೆ ಎರಡು, ಕ್ಲೋರಿನ್ನಿಗೆ ಏಳು. ಎಂಟೂ ಮೂಲೆ ತುಂಬಿದರೆ ಜಡಾನಿಲ. ಲೂಯಿಸ್ ಇದನ್ನು ಹದಿನಾಲ್ಕು ವರ್ಷ ಅಚ್ಚಿಗೆ ಕೊಡಲಿಲ್ಲ. ಇಂಥ ಊಹೆಗಳಿಗೆ ಆಗಿನ ಹಾರ್ವರ್ಡ್‌ನಲ್ಲಿ ಬೆಲೆ ಇರಲಿಲ್ಲ. ಅವನು ಅಲ್ಲಿಂದ ಮನಿಲಾಕ್ಕೆ ಹೋಗಿ ತೂಕ ಅಳತೆ ಇಲಾಖೆ ನೋಡಿಕೊಂಡು, ಬಾಸ್ಟನ್ನಿಗೆ ಮರಳಿ, ಕೊನೆಗೆ 1912ರಲ್ಲಿ ಬರ್ಕ್‌ಲಿ ಸೇರಿದ. 1916ರಲ್ಲಿ ಅವನ ಲೇಖನ ಬಂತು. ಅದೇ ವರ್ಷ, ಯುದ್ಧದ ನಡುವಿನ ಜರ್ಮನಿಯಲ್ಲಿ, ಮ್ಯೂನಿಕ್‌ನ ವಾಲ್ಟರ್ ಕೊಸ್ಸೆಲ್ ಪ್ರಕಟಿಸಿದ ಲೇಖನದಲ್ಲೂ ಎಂಟೇ ನಾಯಕ. ಒಬ್ಬರಿಗೊಬ್ಬರ ಸುದ್ದಿ ಗೊತ್ತಿರಲಿಲ್ಲ.

ಪಿಯುಸಿ ಪುಸ್ತಕದಲ್ಲಿ ಇಬ್ಬರ ಹೆಸರೂ ಒಂದೇ ಗೆರೆ ಎಳೆದು ಜೋಡಿಸಿಟ್ಟಿದ್ದಾರೆ. ಇಬ್ಬರ ಒಲವು ಮಾತ್ರ ಬೇರೆ. ಎಲೆಕ್ಟ್ರಾನ್ ಪೂರ್ತಿ ದಾಟಿಹೋಗಿ ಧನ ಅಯಾನು, ಋಣ ಅಯಾನು ಆಗುತ್ತವೆ, ಆಮೇಲೆ ಅವುಗಳ ನಡುವಿನ ವಿದ್ಯುತ್ ಸೆಳೆತವೇ ಬಂಧ ಎಂದದ್ದು ಕೊಸ್ಸೆಲ್. ಹತ್ತನೇ ತರಗತಿಯ ಉಪ್ಪಿನ ಪಾಠ ಬಹುಪಾಲು ಅವನದು. ಲೂಯಿಸ್‌ಗೆ ಮುಖ್ಯವಾಗಿದ್ದು ಎರಡು ಪರಮಾಣುಗಳು ಹಂಚಿಕೊಂಡ ಎಲೆಕ್ಟ್ರಾನ್ ಜೋಡಿ. ನಾವು ಬೋರ್ಡಿನ ಮೇಲೆ ಇಡುವ ಚುಕ್ಕಿಗಳು ಅವನವು. ಪಗಡೆದಾಳ ಕಾಲಕ್ರಮದಲ್ಲಿ ಕಸದಬುಟ್ಟಿ ಸೇರಿತು, ಚುಕ್ಕಿ ಉಳಿಯಿತು. 1919ರಲ್ಲಿ ಇರ್ವಿಂಗ್ ಲ್ಯಾಂಗ್‌ಮುಯಿರ್ ಇದನ್ನೆಲ್ಲ ವಿಸ್ತರಿಸಿ ‘ಅಷ್ಟಕ’ ಎಂಬ ಹೆಸರು ಕೊಟ್ಟು ಊರೂರು ಭಾಷಣ ಮಾಡಿದ. ಸಿದ್ಧಾಂತಕ್ಕೆ ಅವನ ಹೆಸರೂ ಅಂಟಿಕೊಂಡಿತು, ಲೂಯಿಸ್‌ಗೆ ಅದು ಸಹಿಸಲಿಲ್ಲ. ಲ್ಯಾಂಗ್‌ಮುಯಿರ್‌ಗೆ ಬೇರೆ ಕೆಲಸಕ್ಕಾಗಿ 1932ರಲ್ಲಿ ನೊಬೆಲ್ ಬಂತು. ಹತ್ತಾರು ಸಲ ಹೆಸರು ಸೂಚನೆಯಾದರೂ ಲೂಯಿಸ್‌ಗೆ ಬರಲೇ ಇಲ್ಲ. ನೊಬೆಲ್ ಸಮಿತಿ ಮಾಡಿದ ದೊಡ್ಡ ಅನ್ಯಾಯಗಳ ಪಟ್ಟಿಯಲ್ಲಿ ಇದನ್ನು ನಾನು ತೀರಾ ಮೇಲೆ ಇಡುತ್ತೇನೆ. 1946ರಲ್ಲಿ ಅವನು ತನ್ನ ಪ್ರಯೋಗಾಲಯದಲ್ಲೇ ತೀರಿಕೊಂಡ.

ಅತ್ತ ಉಪ್ಪಿನ ಹರಳಿನೊಳಗೆ ನೇರವಾಗಿ ಇಣುಕುವ ದಾರಿಯೊಂದು ತೆರೆದಿತ್ತು. ಹರಳಿನ ಮೂಲಕ ಕ್ಷ-ಕಿರಣ ಹಾಯಿಸಿದರೆ ಫೋಟೋ ತಟ್ಟೆಯ ಮೇಲೆ ಚುಕ್ಕೆಗಳ ವಿನ್ಯಾಸ ಮೂಡುತ್ತದೆ ಎಂದು 1912ರಲ್ಲಿ ಮ್ಯೂನಿಕ್‌ನಲ್ಲಿ ಗೊತ್ತಾಯಿತು. ಮರುವರ್ಷ ಲಾರೆನ್ಸ್ ಬ್ರಾಗ್ ಎಂಬ ಇಪ್ಪತ್ತಮೂರರ ತರುಣ ಆ ವಿನ್ಯಾಸವನ್ನು ಬಿಡಿಸಿ ಅಡುಗೆ ಉಪ್ಪಿನ ರಚನೆ ಹೇಳಿದ. ಪ್ರತಿ ಸೋಡಿಯಂ ಸುತ್ತ ಆರು ಕ್ಲೋರಿನ್, ಪ್ರತಿ ಕ್ಲೋರಿನ್ ಸುತ್ತ ಆರು ಸೋಡಿಯಂ, ಎಲ್ಲವೂ 0.28 ನ್ಯಾನೋಮೀಟರ್ ದೂರದಲ್ಲಿ, ಎಲ್ಲ ದಿಕ್ಕಿಗೂ ಒಂದೇ ಸಮ. ಇದು ಇದರ ಜೋಡಿ ಎಂದು ಬೆರಳು ಮಾಡಿ ತೋರಿಸಲು ಸಾಧ್ಯವೇ ಇಲ್ಲ. ಅಂದರೆ ಸೋಡಿಯಂ ಕ್ಲೋರೈಡಿನ ಅಣು ಎಂಬ ವಸ್ತು ಹರಳಿನಲ್ಲಿ ಇಲ್ಲ. ಒಂದು ಸೋಡಿಯಂ ತನ್ನ ಕ್ಲೋರಿನ್ನಿಗೆ ಒಂದಿಷ್ಟಾದರೂ ಹತ್ತಿರ ಇದೆಯೇ ನೋಡಿ ಎಂದು ಅಂಗಲಾಚಿದ ರಸಾಯನಶಾಸ್ತ್ರಜ್ಞರಿದ್ದರು ಎಂದು ಬ್ರಾಗ್ ಮುಂದೆ ನೆನೆದಿದ್ದಾನೆ. 1915ರಲ್ಲಿ ತಂದೆ ಮಗ ಇಬ್ಬರಿಗೂ ನೊಬೆಲ್ ಘೋಷಣೆಯಾದಾಗ ಮಗ ಫ್ರಾನ್ಸಿನ ಯುದ್ಧಭೂಮಿಯಲ್ಲಿದ್ದ. ತಮ್ಮ ರಾಬರ್ಟ್ ಅದೇ ವರ್ಷ ಗ್ಯಾಲಿಪೊಲಿ ಕಾಳಗದಲ್ಲಿ ಸತ್ತಿದ್ದ. ಕ್ಷ-ಕಿರಣಗಳಿಂದಲೇ ಪರಮಾಣು ಸಂಖ್ಯೆಯ ಅರ್ಥ ಹೇಳಿ, ಆವರ್ತ ಕೋಷ್ಟಕದಲ್ಲಿ ಸೋಡಿಯಂಗೆ 11, ಕ್ಲೋರಿನ್ನಿಗೆ 17 ಎಂಬ ಅಂಕಿಗಳಿಗೆ ಬುನಾದಿ ಹಾಕಿದ ಹೆನ್ರಿ ಮೋಸ್ಲಿ ಸತ್ತದ್ದೂ ಅದೇ ಗ್ಯಾಲಿಪೊಲಿಯಲ್ಲಿ, ಆಗಸ್ಟ್ 10ರಂದು, ಇಪ್ಪತ್ತೇಳನೇ ವಯಸ್ಸಿಗೆ.

ಹರಳಿನಲ್ಲೇ ಅಯಾನುಗಳಿದ್ದರೆ ನೀರಿನಲ್ಲಿ ಉಪ್ಪು ಸ್ವಲ್ಪ ಭಾಗ ಮಾತ್ರ ಒಡೆಯುತ್ತದೆ ಎಂಬ ಅರೇನಿಯಸ್‌ನ ಮಾತೂ ತಿದ್ದಬೇಕಾಯಿತು. ಆ ದಿಕ್ಕಿನಲ್ಲಿ ಧೈರ್ಯದ ಹೆಜ್ಜೆ ಇಟ್ಟವರಲ್ಲಿ ಕಲ್ಕತ್ತೆಯ ಜ್ಞಾನಚಂದ್ರ ಘೋಷ್ ಒಬ್ಬರು. ಪ್ರಫುಲ್ಲಚಂದ್ರ ರಾಯ್ ಅವರ ಶಿಷ್ಯ. ಉಪ್ಪಿನಂಥ ವಸ್ತು ಪೂರ್ತಿ ಅಯಾನುಗಳಾಗಿಯೇ ಕರಗುತ್ತದೆ, ದ್ರಾವಣದಲ್ಲೂ ಅವು ಹರಳಿನಂಥ ಜೋಡಣೆ ಉಳಿಸಿಕೊಂಡಿರುತ್ತವೆ ಎಂದು 1918ರಲ್ಲಿ, ಎಳೆಯ ಹರೆಯದಲ್ಲೇ ಬರೆದರು. ಎರಡನೆಯ ಅರ್ಧ ನಿಲ್ಲಲಿಲ್ಲ. 1923ರಲ್ಲಿ ಡಿಬೈ ಮತ್ತು ಹ್ಯೂಕೆಲ್ ಹೆಚ್ಚು ಸರಿಯಾದ ಲೆಕ್ಕ ಕೊಟ್ಟರು. ಮೊದಲ ಅರ್ಧ ನಿಂತಿತು. ಘೋಷ್ ಅವರು 1939ರಿಂದ 1948ರವರೆಗೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು.

ಇಷ್ಟೆಲ್ಲ ಆದ ಮೇಲೂ 1927ರಲ್ಲಿ ‘ನೇಚರ್’ ಪತ್ರಿಕೆಗೆ ಒಂದು ಕಾಗದ ಬಂತು. ತಲೆಬರಹ ಪಾಪದ ಅಡುಗೆ ಉಪ್ಪು ಎಂಬರ್ಥದ್ದು. ಬರೆದವನು ಎಪ್ಪತ್ತೊಂಬತ್ತರ ಆರ್ಮ್‌ಸ್ಟ್ರಾಂಗ್. ಉಪ್ಪು ಚದುರಂಗದ ಮಣೆಯಂತೆ ಕಪ್ಪುಬಿಳಿ ಚೌಕಗಳ ಹಾಸು, ಅದರಲ್ಲಿ ಅಣುವೇ ಇಲ್ಲ ಅನ್ನುವುದು ಅಸಂಬದ್ಧ, ರಸಾಯನಶಾಸ್ತ್ರದ ಮರ್ಯಾದೆಯನ್ನು ಭೌತವಿಜ್ಞಾನಿಗಳು ಕಳೆಯುತ್ತಿದ್ದಾರೆ ಎಂಬುದು ಸಾರಾಂಶ. ನಲವತ್ತು ವರ್ಷ ಅಯಾನಿನ ಜೊತೆ ಗುದ್ದಾಡಿದವನ ಕೊನೆಯ ಏಟುಗಳಲ್ಲಿ ಅದೂ ಒಂದು. ಮೊಕದ್ದಮೆ ಅಷ್ಟು ಹೊತ್ತಿಗೆ ತೀರ್ಮಾನವಾಗಿ ಹೋಗಿತ್ತು.

ಅದರ ತೀರ್ಪಿನ ಮುಖ್ಯ ಭಾಗವನ್ನೇ ನಮ್ಮ ಶಾಲೆಯ ಪಾಠ ಕೈಬಿಟ್ಟಿದೆ. ಎಂಟನ್ನು ಪೂರ್ತಿಮಾಡಿಕೊಳ್ಳುವ ‘ಆಸೆ’ಯಿಂದ ಸೋಡಿಯಂ ಎಲೆಕ್ಟ್ರಾನ್ ದಾನ ಮಾಡುತ್ತದೆ ಎಂದು ಹೇಳಿಕೊಡುತ್ತೇವೆ. ಅಂಕಿ ಬೇರೆಯೇ ಹೇಳುತ್ತದೆ. ಒಂದು ಮೋಲ್ ಸೋಡಿಯಂ ಪರಮಾಣುಗಳಿಂದ ಒಂದೊಂದು ಎಲೆಕ್ಟ್ರಾನ್ ಕೀಳಲು 496 ಕಿಲೋಜೂಲ್ ಖರ್ಚು. ಕ್ಲೋರಿನ್ ಅದನ್ನು ಪಡೆದಾಗ ಬಿಟ್ಟುಕೊಡುವುದು 349 ಮಾತ್ರ. ವ್ಯವಹಾರ 147 ಕಿಲೋಜೂಲ್ ನಷ್ಟದಲ್ಲಿದೆ. ಆ ನಷ್ಟ ತುಂಬುವುದು ಹರಳು. ಒಂದು ಜೋಡಿ ಅಯಾನುಗಳ ಸೆಳೆತಕ್ಕಿಂತ ಇಡೀ ಹಾಸಿನ ಸೆಳೆತ ಸುಮಾರು 1.75 ಪಟ್ಟು ಎಂದು 1918ರಲ್ಲಿ ಎರ್ವಿನ್ ಮಾಡೆಲುಂಗ್ ಲೆಕ್ಕ ಹಾಕಿದ. ಬಿಡಿ ಅಯಾನುಗಳು ಹರಳಾಗಿ ಕೂಡಿಕೊಂಡಾಗ ಹೊರಬರುವ ಶಕ್ತಿ 787 ಕಿಲೋಜೂಲ್. ಈ ಜಮಾಖರ್ಚನ್ನು 1919ರಲ್ಲಿ ಬರೆದು ತೋರಿಸಿದವರು ಮ್ಯಾಕ್ಸ್ ಬಾರ್ನ್ ಮತ್ತು ಫ್ರಿಟ್ಸ್ ಹೇಬರ್. ನಾಲ್ಕು ವರ್ಷ ಮೊದಲು ಬೆಲ್ಜಿಯಂನ ಈಪ್ರ್‌ನಲ್ಲಿ ಕಂದಕಗಳ ಮೇಲೆ ಕ್ಲೋರಿನ್ ಅನಿಲ ಬಿಡಿಸಿದ ಹೇಬರ್ ಇವನೇ. ಹಿಟ್ಲರನ ಕಾಲದಲ್ಲಿ ಕೆಲಸ ಕಳೆದುಕೊಂಡ ಬಾರ್ನ್, ಸಿ.ವಿ. ರಾಮನ್ ಅವರ ಆಹ್ವಾನದ ಮೇರೆಗೆ 1935-36ರಲ್ಲಿ ಕೆಲವು ತಿಂಗಳು ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿದ್ದ. ಅವನನ್ನು ಕಾಯಂ ಉಳಿಸಿಕೊಳ್ಳಲು ರಾಮನ್ ಹೂಡಿದ ಪ್ರಯತ್ನ ಸಂಸ್ಥೆಯ ಒಳಜಗಳದಲ್ಲಿ ಮುರಿದುಬಿತ್ತು, ಬಾರ್ನ್ ಎಡಿನ್‌ಬರಾಕ್ಕೆ ಹೋದ.

ಎಂಟರ ನಿಯಮ ತಪ್ಪು ಎಂದಲ್ಲ. ಸೋಡಿಯಂನ ಎರಡನೆಯ ಎಲೆಕ್ಟ್ರಾನ್ ಕೀಳಲು 4,562 ಕಿಲೋಜೂಲ್ ಬೇಕು, ಯಾವ ಹರಳೂ ಅಷ್ಟು ಖರ್ಚು ತುಂಬಲಾರದು, ಅದಕ್ಕೇ ಅದು ಒಂದಕ್ಕೆ ನಿಲ್ಲುತ್ತದೆ. ಹಾಗೆಂದು ಎಂಟು ದೇವರ ಆಜ್ಞೆಯೂ ಅಲ್ಲ. ಟ್ರಾವರ್ಸ್ ಹಿಡಿದ ಜೆನಾನನ್ನೇ 1962ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ನೀಲ್ ಬಾರ್ಟ್ಲೆಟ್ ಪ್ಲಾಟಿನಂ ಹೆಕ್ಸಾಫ್ಲೋರೈಡಿನ ಜೊತೆ ಸೇರಿಸಿ ಹಳದಿ ಬಣ್ಣದ ಘನವಸ್ತು ಮಾಡಿ ತೋರಿಸಿದ.

ಹತ್ತನೇ ತರಗತಿಗೆ ರಸಾಯನ ವಿಜ್ಞಾನ ಹೇಳುವ ಮೇಷ್ಟರು, ಮೇಡಂಗಳಲ್ಲಿ ಒಂದು ಕೋರಿಕೆ. ಬೋರ್ಡಿನ ಮೇಲೆ ಸೋಡಿಯಂನಿಂದ ಕ್ಲೋರಿನ್ನಿಗೆ ಬಾಣ ಎಳೆದ ಮೇಲೆ ಪಕ್ಕದಲ್ಲಿ 496 ಮತ್ತು 349 ಎಂದು ಬರೆಯಿರಿ. ಕಡಿಮೆ ಬಿದ್ದ 147 ಎಲ್ಲಿಂದ ಬರುತ್ತದೆ ಎಂದು ಮಕ್ಕಳನ್ನೇ ಕೇಳಿ. ಉತ್ತರ ಪರೀಕ್ಷೆಗೆ ಬರುವುದಿಲ್ಲ, ಆದರೂ ಕೇಳಿ.